ದವಡೆಗೆ ಆಪರೇಷನ್ ಆದ್ರೆ ಕಿವಿ ಯಾಕೆ ಮಂದ ಆಗುತ್ತೆ?

ನಮ್ಮ ಹಾಸ್ಟೆಲ್ ರೂಮಲ್ಲಿ ನಾವು ನಾಲ್ಕು ಜನ. ಅದರಲ್ಲಿ ಒಬ್ಬನ ಸೋದರಮಾವ ಬಸ್ ಕಂಡಕ್ಟರ್. ಇಪ್ಪತ್ತು ವರ್ಷಕ್ಕೂ ಮೇಲಿನ ಸರ್ವಿಸ್. ಊರಿಗೆ ಹೋದಾಗೆಲ್ಲ ಮಾವ ಹೇಳುವ ಬಸ್ಸಿನ ಕಥೆಗಳನ್ನು ನಮ್ಮ ಗೆಳೆಯ ವಾಪಸ್ ಬಂದು ನಮಗೆಲ್ಲ ಹೇಳ್ತಿದ್ದ. ಹಾಗಾಗಿ ಆ ಮಾವ ಈಗ ರೂಮಿಗೆಲ್ಲ ಮಾವ.

ಹೋದ ವರ್ಷ ಮಾವನ ಬಾಯಲ್ಲಿ, ಮೇಲಿನ ಬಲಗಡೆ ಹಲ್ಲುಗಳ ಹತ್ತಿರ ಒಂದು ಹುಣ್ಣು ಆಯ್ತು. ತಿಂಗಳಾದರೂ ವಾಸಿಯಾಗಲಿಲ್ಲ. ಚೂರು ತೆಗೆದು ಟೆಸ್ಟಿಗೆ ಕಳಿಸಿದಾಗ ಕ್ಯಾನ್ಸರ್ ಅಂತ ಬಂತು. ಮೇಲ್ದವಡೆಯ ಬಲಭಾಗವನ್ನು ಆಪರೇಷನ್ ಮಾಡಿ ತೆಗೆದರು. ಆಮೇಲೆ ಆರು ವಾರ ರೇಡಿಯೇಷನ್. ಮನೆಯವರೆಲ್ಲರ ಗಮನ ಮೂರೇ ವಿಷಯದ ಮೇಲಿತ್ತು: ಗಡ್ಡೆ ಪೂರ್ತಿ ಹೋಯ್ತಾ, ಊಟ ಸೇರುತ್ತಾ, ಮಾತು ಬರುತ್ತಾ. ಮೂರೂ ಒಂದು ಮಟ್ಟಕ್ಕೆ ಸರಿಹೋದವು. ಕಿವಿಯ ಬಗ್ಗೆ ಯಾರೂ ಯೋಚನೆ ಮಾಡಲಿಲ್ಲ. ದವಡೆಗೂ ಕಿವಿಗೂ ಏನು ಸಂಬಂಧ?

ಆದರೆ ಮಾವ ಬದಲಾಗ್ತಾ ಹೋದರು. ಪಕ್ಕದಲ್ಲೇ ಕೂತು ಕರೆದರೂ ತಿರುಗಲ್ಲ. ಮಾತು ಕಡಿಮೆ, ಆಡಿದರೂ ಮೆಲ್ಲಗೆ. ನೆಂಟರು ಬಂದರೆ ಒಳಗೆ ಹೋಗಿ ಮಲಗಿಬಿಡ್ತಾರೆ. "ಕಾಯಿಲೆ ಬಂದ ಮೇಲೆ ಮನುಷ್ಯನೇ ಬೇರೆ ಆಗಿಬಿಟ್ರು" ಅಂತ ಅತ್ತೆ ಕಣ್ಣೀರು ಹಾಕ್ತಿದ್ದರಂತೆ. ದಸರಾ ರಜೆಗೆ ಹೋಗಿದ್ದ ನಮ್ಮ ಗೆಳೆಯ ಒಂದು ಸಂಜೆ ಮಾವನ ಬಲಗಡೆ ಕೂತು ಕಾಲೇಜಿನ ಸುದ್ದಿ ಎಲ್ಲ ಹೇಳಿದ. ಮಾವ ತಲೆ ಆಡಿಸ್ತಾನೇ ಇದ್ದರು. ಇವನಿಗೆ ಯಾಕೋ ಅನುಮಾನ ಬಂದು, "ಮಾವ, ನಾನೀಗ ಏನಂದೆ ಹೇಳಿ" ಅಂದ. ಮಾವ ಸ್ವಲ್ಪ ಹೊತ್ತು ಸುಮ್ಮನಿದ್ದು, "ಬಲಗಿವೀಲಿ ನೀರು ತುಂಬಿದ ಹಾಗಿದೆ ಕಣೋ. ಅಷ್ಟು ದೊಡ್ಡ ಕಾಯಿಲೇನೇ ಹೋಗಿದೆ, ಇದನ್ನೇನು ಹೇಳೋದು ಅಂತ ಸುಮ್ಮನಿದ್ದೆ" ಅಂದರಂತೆ.

ಆ ಮಾತು ಹಿಡಿದು ನಾವು ಓದೋಕೆ ಶುರು ಮಾಡಿದೆವು. ಓದಿದ್ದರಲ್ಲಿ ಅರ್ಧ ನಮ್ಮ ಸಿಲಬಸ್ಸಿನಲ್ಲೇ ಇದ್ದ ವಿಷಯ: ಒತ್ತಡ, ರಾಟೆ, ಇಂಪೀಡೆನ್ಸ್ ಮ್ಯಾಚಿಂಗ್. ನಾವು ಡಾಕ್ಟರ್‌ಗಳಲ್ಲ, ಸೆಕೆಂಡ್ ಇಯರ್ ಇ.ಸಿ. ವಿದ್ಯಾರ್ಥಿಗಳು. ಆದರೂ ಇದನ್ನು ಎಲ್ಲರಿಗೂ ಹೇಳಬೇಕು ಅನ್ನಿಸಿತು. ನಿಮ್ಮ ಮನೆಯಲ್ಲೂ ಒಬ್ಬ ಮಾವ ಇರಬಹುದು.

ಕೇಳುವುದೇ ಕೆಲಸವಾಗಿದ್ದ ಒಬ್ಬ ಡಾಕ್ಟರ್

ಓದುವಾಗ ನಮಗೆ ಎದುರಾದ ಹಳೆಯ ರೋಗಿ ಯಾರು ಗೊತ್ತಾ? ಸಿಗ್ಮಂಡ್ ಫ್ರಾಯ್ಡ್. ಹೌದು, ಕನಸುಗಳಿಗೆ ಅರ್ಥ ಹುಡುಕಿದ, ಸೈಕೋಅನಾಲಿಸಿಸ್ ಶುರು ಮಾಡಿದ ವಿಯೆನ್ನಾದ ಅದೇ ಫ್ರಾಯ್ಡ್.

ಫ್ರಾಯ್ಡ್ ವಿಪರೀತ ಸಿಗಾರ್ ಸೇದ್ತಿದ್ದರು, ದಿನಕ್ಕೆ ಇಪ್ಪತ್ತರವರೆಗೂ. 1923ರಲ್ಲಿ, 67ನೇ ವಯಸ್ಸಿಗೆ, ಅವರ ಬಾಯಲ್ಲಿ ಬಲಗಡೆ ಮೇಲ್ಭಾಗದಲ್ಲಿ ಗಡ್ಡೆ ಕಾಣಿಸಿತು. ಮೊದಲು ಒಂದು ಸಣ್ಣ ಆಪರೇಷನ್ ಆಯ್ತು. ಅದು ಸಾಕಾಗಲಿಲ್ಲ. ಅದೇ ವರ್ಷ ಅಕ್ಟೋಬರ್‌ನಲ್ಲಿ ಹಾನ್ಸ್ ಪಿಚ್ಲರ್ ಅನ್ನುವ ಸರ್ಜನ್ ಬಲಗಡೆಯ ಮೇಲ್ದವಡೆ ಮತ್ತು ಅಂಗುಳದ ದೊಡ್ಡ ಭಾಗವನ್ನು ತೆಗೆದರು. ಬಾಯಿಗೂ ಮೂಗಿಗೂ ನಡುವೆ ಇದ್ದ ಗೋಡೆಯೇ ಹೋಯ್ತು. ಆ ತೂತು ಮುಚ್ಚೋಕೆ ದೊಡ್ಡ ಹಲ್ಲುಸೆಟ್ಟಿನಂಥ ಒಂದು ಸಾಧನ ಮಾಡಿಕೊಟ್ಟರು. ಅದನ್ನು ಹಾಕೋದು, ತೆಗೆಯೋದು ಎಷ್ಟು ಹಿಂಸೆ ಆಗ್ತಿತ್ತು ಅಂದರೆ ಮನೆಯಲ್ಲಿ ಅದಕ್ಕೆ 'ರಾಕ್ಷಸ' ಅಂತಲೇ ಹೆಸರಿಟ್ಟಿದ್ದರು. ಮಗಳು ಆನಾ ಸಹಾಯಕ್ಕೆ ನಿಲ್ತಿದ್ದರು.

ಆಮೇಲೆ ಬಲಗಿವಿ ಮಂದವಾಗುತ್ತಾ ಹೋಗಿ ಕೊನೆಗೆ ಹೆಚ್ಚುಕಮ್ಮಿ ಪೂರ್ತಿ ಕೇಳದಂತಾಯ್ತು. ಫ್ರಾಯ್ಡ್ ಅವರ ಕೆಲಸದ ರೀತಿ ನೆನಪಿಸಿಕೊಳ್ಳಿ. ರೋಗಿ ಸೋಫಾ ಮೇಲೆ ಮಲಗಿ ಮಾತಾಡಬೇಕು, ಇವರು ತಲೆಯ ಹಿಂದೆ ಕುರ್ಚಿ ಹಾಕಿಕೊಂಡು ಕೇಳಬೇಕು. ಇಡೀ ಚಿಕಿತ್ಸೆ ಅಂದರೆ ಕೇಳುವುದೇ. ರೋಗಿಯ ಕಡೆಗಿದ್ದದ್ದು ಇದೇ ಬಲಗಿವಿ. ಕೊನೆಗೆ ಸೋಫಾ, ಕುರ್ಚಿ ಎರಡರ ಜಾಗವನ್ನೂ ಅದಲುಬದಲು ಮಾಡಿ ಎಡಗಿವಿ ರೋಗಿಯ ಕಡೆಗೆ ಬರುವ ಹಾಗೆ ಮಾಡಿಕೊಂಡರು. 30ಕ್ಕೂ ಹೆಚ್ಚು ಆಪರೇಷನ್ ಮಾಡಿಸಿಕೊಂಡು ಇನ್ನೂ 16 ವರ್ಷ ಬದುಕಿದರು. 1939ರಲ್ಲಿ ಲಂಡನ್ನಿನಲ್ಲಿ ತೀರಿಕೊಳ್ಳುವ ಕೆಲವೇ ವಾರಗಳ ಹಿಂದಿನವರೆಗೂ ರೋಗಿಗಳನ್ನು ನೋಡ್ತಿದ್ದರು. 1938ರ ಡಿಸೆಂಬರ್‌ನಲ್ಲಿ ಬಿಬಿಸಿಯವರು ಮಾಡಿದ ಅವರ ಧ್ವನಿಯ ಒಂದು ಚಿಕ್ಕ ರೆಕಾರ್ಡಿಂಗ್ ಉಳಿದಿದೆ. ಕೇಳಿ ನೋಡಿ, ಒಂದೊಂದು ಪದಕ್ಕೂ ಎಷ್ಟು ಕಷ್ಟಪಡ್ತಾರೆ ಅಂತ ಗೊತ್ತಾಗುತ್ತೆ.

ಆಪರೇಷನ್ ಆಗಿದ್ದು ದವಡೆಗೆ. ಕಿವಿಯನ್ನು ಯಾರೂ ಮುಟ್ಟಿಲ್ಲ. ಹಾಗಾದರೆ ಕಿವಿಗೆ ಏನಾಯ್ತು?

ಮೂಗಿನ ಹಿಂದಿನ ಸಣ್ಣ ಪೈಪು

ಮಂಗಳೂರು ಕಡೆಗೆ ಬಸ್ಸಲ್ಲಿ ಹೋಗಿದ್ದರೆ ಇದು ನಿಮ್ಮ ಅನುಭವಕ್ಕೆ ಬಂದಿರುತ್ತೆ. ಸಕಲೇಶಪುರ ಸುಮಾರು 900 ಮೀಟರ್ ಎತ್ತರದಲ್ಲಿದೆ. ಅಲ್ಲಿಂದ ಶಿರಾಡಿ ಘಾಟಿ ಇಳೀತಾ ಇದ್ದ ಹಾಗೆ ಕಿವಿ ಗುಂಯ್ ಅಂತ ಮುಚ್ಚಿಕೊಳ್ಳುತ್ತೆ. ಎಂಜಲು ನುಂಗಿದರೆ ಅಥವಾ ಆಕಳಿಸಿದರೆ 'ಟಪ್' ಅಂತ ತೆರೆದುಕೊಳ್ಳುತ್ತೆ.

ಆ 'ಟಪ್' ಮಾಡಿದ್ದು ಯುಸ್ಟೇಶಿಯನ್ ನಾಳ. 16ನೇ ಶತಮಾನದಲ್ಲಿ ಇದನ್ನು ವಿವರಿಸಿದ ಇಟಲಿಯ ಬಾರ್ತೊಲೊಮಿಯೊ ಯುಸ್ಟಾಕಿ ಅವರ ಹೆಸರೇ ಇದಕ್ಕೆ ಬಂದಿದೆ. ದೊಡ್ಡವರಲ್ಲಿ ಇದರ ಉದ್ದ ಸುಮಾರು 36 ಮಿಲಿಮೀಟರ್. ಕಿವಿಯ ತಮಟೆಯ ಹಿಂದೆ ಗಾಳಿ ತುಂಬಿದ ಒಂದು ಪುಟ್ಟ ಕೋಣೆ ಇದೆ, ಅದು ಮಧ್ಯಕಿವಿ. ಆ ಕೋಣೆಯಿಂದ ಹೊರಟ ಈ ನಾಳ ಮೂಗಿನ ಹಿಂಭಾಗದಲ್ಲಿ, ಅಂಗುಳದ ಮೇಲ್ಗಡೆ ಬಂದು ತೆರೆದುಕೊಳ್ಳುತ್ತೆ. ಅಂದರೆ ಕಿವಿಯ ಒಂದು ಬಾಗಿಲು ಮೂಗಿನ ಹಿಂದೆ ಇದೆ. ದವಡೆಗೂ ಕಿವಿಗೂ ಇರುವ ಸಂಬಂಧ ಶುರುವಾಗೋದು ಇಲ್ಲಿಂದ.

ಈ ನಾಳದ ಕೆಲಸ ತಮಟೆಯ ಎರಡೂ ಕಡೆ ಗಾಳಿಯ ಒತ್ತಡ ಸಮ ಇರುವಂತೆ ನೋಡಿಕೊಳ್ಳೋದು. ಘಾಟಿ ಇಳೀದೇ ಮನೆಯಲ್ಲೇ ಕೂತಿದ್ದರೂ ಈ ಕೆಲಸ ನಡೀತಾನೇ ಇರಬೇಕು. ಯಾಕಂದರೆ ಮಧ್ಯಕಿವಿಯ ಒಳಪೊರೆ ಅಲ್ಲಿರುವ ಗಾಳಿಯನ್ನು ನಿಧಾನಕ್ಕೆ ಹೀರಿಕೊಳ್ತಾ ಇರುತ್ತೆ. ಹೀರಿದಷ್ಟನ್ನು ಮತ್ತೆ ತುಂಬಿಸಬೇಕು. ತುಂಬಿಸದಿದ್ದರೆ ಒಳಗೆ ಒತ್ತಡ ಕಡಿಮೆಯಾಗಿ ತಮಟೆ ಒಳಕ್ಕೆ ಎಳೆದುಕೊಳ್ಳುತ್ತೆ. ಅದು ಹಾಗೇ ಮುಂದುವರಿದರೆ ಪೊರೆಯಿಂದ ದ್ರವ ಜಿನುಗಿ ಕೋಣೆಯಲ್ಲಿ ನಿಲ್ಲುತ್ತೆ.

ಮಾವ ಹೇಳಿದ 'ನೀರು ತುಂಬಿದ ಹಾಗಿದೆ' ಅನ್ನೋದು ಬರೀ ಹೋಲಿಕೆ ಅಲ್ಲ. ನಿಜವಾಗಿಯೂ ದ್ರವ ತುಂಬಿತ್ತು.

ರಾಟೆ ಕಿತ್ತರೆ ಹಗ್ಗ ಏನು ಮಾಡುತ್ತೆ?

ಇನ್ನೊಂದು ವಿಷಯ. ಈ ನಾಳ ಯಾವಾಗಲೂ ತೆರೆದಿರಲ್ಲ. ಸಾಮಾನ್ಯವಾಗಿ ಮುಚ್ಚೇ ಇರುತ್ತೆ. ನುಂಗಿದಾಗ, ಆಕಳಿಸಿದಾಗ ಮಾತ್ರ ಕ್ಷಣಕಾಲ ತೆರೆಯುತ್ತೆ. ತೆರೆಯೋಕೆ ಒಂದು ಸ್ನಾಯು ಇದೆ, ಅದರ ಹೆಸರು ಟೆನ್ಸರ್ ವೆಲಿ ಪ್ಯಾಲಟೈನಿ. ಹೆಸರು ಮರೆತರೂ ಪರವಾಗಿಲ್ಲ, ಅದು ಕೆಲಸ ಮಾಡುವ ರೀತಿ ನೆನಪಿರಲಿ.

ಅಜ್ಜಿಮನೆಯ ಬಾವಿ ನೆನಪಿದೆಯಾ? ಹಗ್ಗ ರಾಟೆಯ ಮೇಲಿಂದ ತಿರುಗಿ ಕೆಳಗೆ ಇಳೀತಿತ್ತು. ಈ ಸ್ನಾಯುವೂ ಹಾಗೇ. ಅದರ ಒಂದು ಕೊನೆ ನಾಳದ ಗೋಡೆಗೆ ಅಂಟಿಕೊಂಡಿದೆ. ಅಲ್ಲಿಂದ ಕೆಳಗಿಳಿದು, ಮೇಲ್ದವಡೆಯ ಹಿಂಭಾಗಕ್ಕೆ ತಾಗಿಕೊಂಡಿರುವ ಕೊಕ್ಕೆಯಂಥ ಪುಟ್ಟ ಮೂಳೆಯನ್ನು ಸುತ್ತಿಕೊಂಡು, ದಿಕ್ಕು ಬದಲಿಸಿ ಮೆದು ಅಂಗುಳದೊಳಗೆ ಸೇರುತ್ತೆ. ಕೊಕ್ಕೆ ಮೂಳೆಯೇ ರಾಟೆ. ಅಂಗುಳ ಬಿಗಿಯಾಗಿ ಹಿಡಿದುಕೊಂಡಿರುವಾಗ ಸ್ನಾಯು ಕುಗ್ಗಿದರೆ ನಾಳದ ಗೋಡೆ ಪಕ್ಕಕ್ಕೆ ಎಳೆದುಕೊಂಡು ತೆರೆಯುತ್ತೆ.

ಈಗ ಆಪರೇಷನ್ ನೋಡೋಣ. ಮೇಲ್ದವಡೆಯನ್ನು ತೆಗೆಯುವ ಈ ಆಪರೇಷನ್‌ಗೆ ಮ್ಯಾಕ್ಸಿಲೆಕ್ಟಮಿ ಅಂತಾರೆ. ಗಡ್ಡೆ ಎಲ್ಲಿದೆ, ಎಷ್ಟು ದೊಡ್ಡದಿದೆ ಅನ್ನೋದರ ಮೇಲೆ ಸ್ವಲ್ಪ ಭಾಗವನ್ನಾಗಲಿ ಒಂದು ಕಡೆಯ ಇಡೀ ದವಡೆಯನ್ನಾಗಲಿ ತೆಗೀತಾರೆ. ಗಡ್ಡೆ ಹಿಂದಕ್ಕೆ ಹಬ್ಬಿದ್ದರೆ ಆ ರಾಟೆ ಇರುವ ಮೂಳೆಯ ಫಲಕವನ್ನೂ, ಮೆದು ಅಂಗುಳದ ಭಾಗವನ್ನೂ ತೆಗೆಯಬೇಕಾಗುತ್ತೆ. ಆಗ ಸ್ನಾಯು ಇದ್ದರೂ ಪ್ರಯೋಜನ ಇಲ್ಲ. ರಾಟೆ ಇಲ್ಲ, ಹಗ್ಗದ ಇನ್ನೊಂದು ತುದಿ ಕಟ್ಟೋಕೆ ಜಾಗ ಇಲ್ಲ. ಎಷ್ಟು ಎಳೆದರೂ ಬಾಗಿಲು ತೆರೆಯಲ್ಲ.

ಇದರ ಜೊತೆಗೆ ಆಪರೇಷನ್ ಆದ ಜಾಗದ ಊತ, ಗಾಯ ಒಣಗುವಾಗ ಆಗುವ ಬಿಗಿತ, ಮೂಗಿನ ಹಿಂದೆ ಕಟ್ಟುವ ಹಕ್ಕಳೆ, ಪದೇ ಪದೇ ಆಗುವ ಸೋಂಕು ಇವೆಲ್ಲ ನಾಳದ ಬಾಯಿಯ ಸುತ್ತಲೇ ನಡೆಯುತ್ತವೆ. ಫ್ರಾಯ್ಡ್ ಅವರ ವಿಷಯದಲ್ಲೂ ಈ ನಾಳದ ಸುತ್ತ ಮತ್ತೆ ಮತ್ತೆ ಆದ ಸೋಂಕೇ ಕಿವಿ ಹಾಳು ಮಾಡಿತು ಅಂತ ಅವರ ಜೀವನಚರಿತ್ರೆ ಬರೆದ ಅರ್ನೆಸ್ಟ್ ಜೋನ್ಸ್ ದಾಖಲಿಸಿದ್ದಾರೆ.

ಸರ್ಜನ್ ತಪ್ಪು ಮಾಡಿದ್ದರಿಂದ ಹೀಗಾಯ್ತು ಅಂತ ಯಾರೂ ಅಂದುಕೊಳ್ಳಬಾರದು. ಕ್ಯಾನ್ಸರ್ ಉಳೀಬಾರದು ಅಂದರೆ ಗಡ್ಡೆಯ ಸುತ್ತಲಿನ ಒಳ್ಳೆಯ ಭಾಗವನ್ನೂ ಸ್ವಲ್ಪ ಸೇರಿಸಿಯೇ ತೆಗೆಯಬೇಕು. ಜೀವ ಉಳಿಸೋಕೆ ಕೊಡುವ ಬೆಲೆಗಳಲ್ಲಿ ಇದೂ ಒಂದು. ಇದನ್ನು ಮೊದಲೇ ತಿಳಿದಿದ್ದರೆ ಎಷ್ಟೋ ಅನುಕೂಲ.

ಕಿವಿಯೊಳಗೊಂದು ಟ್ರಾನ್ಸ್‌ಫಾರ್ಮರ್

ಸರಿ, ಸ್ವಲ್ಪ ದ್ರವ ತುಂಬಿದರೆ ಅಷ್ಟೊಂದು ಕೇಳದೇ ಹೋಗುತ್ತಾ? ಇಲ್ಲಿ ಇಂಪೀಡೆನ್ಸ್ ಮ್ಯಾಚಿಂಗ್ ಬರುತ್ತೆ.

ಶಬ್ದ ಬರೋದು ಗಾಳಿಯಲ್ಲಿ. ಆದರೆ ಒಳಕಿವಿಯ ಕಾಕ್ಲಿಯಾದಲ್ಲಿ ಇರೋದು ದ್ರವ. ಗಾಳಿಯಿಂದ ನೀರಿಗೆ ಶಬ್ದ ನೇರವಾಗಿ ಹೋಗಬೇಕಾದರೆ ಶೇಕಡಾ 99.9 ಶಕ್ತಿ ವಾಪಸ್ ಪುಟಿದು ಹೋಗುತ್ತೆ, ಒಳಗೆ ಹೋಗೋದು ಸಾವಿರದಲ್ಲಿ ಒಂದು ಪಾಲು. ಡೆಸಿಬೆಲ್ಲಿನಲ್ಲಿ ಹೇಳೋದಾದರೆ ಸುಮಾರು 30 ಡೆಸಿಬೆಲ್ ನಷ್ಟ. ಈಜುಕೊಳದಲ್ಲಿ ಮುಳುಗಿದಾಗ ದಡದಲ್ಲಿ ನಿಂತವರ ಕೂಗು ಕೇಳದೇ ಇರೋದು ಇದಕ್ಕೇ.

ಈ ನಷ್ಟ ಸರಿದೂಗಿಸೋದು ಮಧ್ಯಕಿವಿ. ತಮಟೆಯಲ್ಲಿ ಕೆಲಸಕ್ಕೆ ಬರುವ ವಿಸ್ತೀರ್ಣ ಸುಮಾರು 55 ಚದರ ಮಿಲಿಮೀಟರ್. ಒಳಕಿವಿಯ ಕಿಟಕಿಯ ವಿಸ್ತೀರ್ಣ ಸುಮಾರು 3.2 ಚದರ ಮಿಲಿಮೀಟರ್. ದೊಡ್ಡ ಜಾಗದ ಮೇಲೆ ಬಿದ್ದ ಬಲವನ್ನು ಸಣ್ಣ ಜಾಗಕ್ಕೆ ಕೊಟ್ಟರೆ ಒತ್ತಡ 17 ಪಟ್ಟು ಆಗುತ್ತೆ. ನಡುವೆ ಇರುವ ಮೂರು ಪುಟ್ಟ ಮೂಳೆಗಳು ಸನ್ನೆಗೋಲಿನ ಹಾಗೆ ಇನ್ನೊಂದು 1.3 ಪಟ್ಟು ಸೇರಿಸುತ್ತವೆ. ಎರಡನ್ನೂ ಗುಣಿಸಿದರೆ 22. ಇಪ್ಪತ್ತು ಲಾಗ್ ಇಪ್ಪತ್ತೆರಡು ಹಾಕಿ ನೋಡಿ, ಸುಮಾರು 27 ಡೆಸಿಬೆಲ್ ಬರುತ್ತೆ. ಕಳೆದುಕೊಂಡಿದ್ದು 30, ವಾಪಸ್ ಪಡೆದದ್ದು 27. ಒರಟು ಲೆಕ್ಕವೇ ಆದರೂ ಮೊದಲ ಸಲ ಕ್ಯಾಲ್ಕುಲೇಟರಿನಲ್ಲಿ ಈ ಉತ್ತರ ನೋಡಿದಾಗ ನಮಗೆ ಖುಷಿಯಾಯ್ತು.

ಆದರೆ ಈ ಟ್ರಾನ್ಸ್‌ಫಾರ್ಮರ್ ಕೆಲಸ ಮಾಡಬೇಕಾದರೆ ತಮಟೆ ಮತ್ತು ಮೂಳೆಗಳು ಗಾಳಿಯಲ್ಲಿ ಸಲೀಸಾಗಿ ಅಲುಗಾಡಬೇಕು. ದ್ರವ ತುಂಬಿದರೆ ತಮಟೆ ಭಾರವಾಗುತ್ತೆ, ಬಿಗಿಯಾಗುತ್ತೆ. ಹೀಗೆ ಆಗುವ ನಷ್ಟ ಸಾಮಾನ್ಯವಾಗಿ 20ರಿಂದ 40 ಡೆಸಿಬೆಲ್. ನಾವು ಮಾತಾಡುವ ಮಾತು ಸುಮಾರು 60 ಡೆಸಿಬೆಲ್ ಇರುತ್ತೆ, ಪಿಸುಮಾತು ಸುಮಾರು 30. ಅಂದರೆ 30 ಡೆಸಿಬೆಲ್ ಕಡಿಮೆಯಾದ ಕಿವಿಗೆ ಸಾಮಾನ್ಯ ಮಾತೂ ಪಿಸುಮಾತಿನ ಹಾಗೆ ಕೇಳುತ್ತೆ. ಪೂರ್ತಿ ಕಿವುಡಲ್ಲ, ಪೂರ್ತಿ ಕೇಳೋದೂ ಇಲ್ಲ. ಇದರಿಂದಲೇ ಮನೆಯವರಿಗೆ ಗೊಂದಲ ಆಗೋದು. "ಬೇಕಾದ್ದು ಕೇಳಿಸುತ್ತೆ, ಬೇಡದ್ದು ಕೇಳಿಸಲ್ಲ" ಅಂತ ಆಡಿಕೊಳ್ಳುತ್ತಾರಲ್ಲ, ಹಾಗೆ.

ಮಾವ ಮೆಲ್ಲಗೆ ಮಾತಾಡೋಕೆ ಶುರು ಮಾಡಿದ್ದಕ್ಕೂ ಕಾರಣ ಇದೇ ಇರಬಹುದು. ಎರಡೂ ಕಿವಿಗೆ ಬೆರಳಿಟ್ಟುಕೊಂಡು ಮಾತಾಡಿ ನೋಡಿ. ನಿಮ್ಮ ಧ್ವನಿ ನಿಮಗೇ ಜೋರಾಗಿ, ಮಡಕೆಯೊಳಗಿಂದ ಬಂದ ಹಾಗೆ ಕೇಳುತ್ತೆ. ನಿಮ್ಮ ಧ್ವನಿ ತಲೆಬುರುಡೆಯ ಮೂಳೆಯ ಮೂಲಕವೂ ಒಳಕಿವಿ ತಲುಪುತ್ತೆ, ಆ ದಾರಿ ಮುಚ್ಚಿಲ್ಲ. ಹಾಗಾಗಿ ಇಂಥ ಕಿವಿ ತೊಂದರೆ ಇರುವವರು ತಾವು ಜೋರಾಗಿ ಮಾತಾಡ್ತಿದ್ದೇವೆ ಅಂದುಕೊಂಡು ಧ್ವನಿ ಇಳಿಸ್ತಾರೆ. ಮನೆಯವರಿಗೆ ಅದು ಬೇಸರ, ಸಿಟ್ಟು, ಮೌನದ ಹಾಗೆ ಕಾಣುತ್ತೆ.

ಟೆಸ್ಟು ಮಾಡೋದು ಹೇಗೆ?

ಒಂದು ಚಿಕ್ಕ ಪ್ರಯೋಗ ಮಾಡಿ. ಒಂದೇ ಕಿವಿಗೆ ಬೆರಳಿಟ್ಟು 'ಮ್‌ಮ್‌ಮ್' ಅನ್ನಿ. ಶಬ್ದ ಯಾವ ಕಡೆಯಿಂದ ಬಂದ ಹಾಗಿದೆ? ಮುಚ್ಚಿದ ಕಿವಿಯಿಂದ. ವಿಚಿತ್ರ ಅಲ್ವಾ? ಕಿವಿ ಡಾಕ್ಟರ್ ಹಣೆಯ ನಡುವೆ 512 ಹರ್ಟ್ಜ್‌ನ ಶ್ರುತಿಕವೆ ಇಟ್ಟು ಕೇಳೋದು ಇದನ್ನೇ. ತೊಂದರೆ ಮಧ್ಯಕಿವಿಯಲ್ಲಿದ್ದರೆ ಶಬ್ದ ಮಂದ ಇರುವ ಕಿವಿಯ ಕಡೆಗೇ ವಾಲುತ್ತೆ. ಒಳಕಿವಿ ಅಥವಾ ನರದಲ್ಲಿದ್ದರೆ ಚೆನ್ನಾಗಿರುವ ಕಿವಿಯ ಕಡೆಗೆ ವಾಲುತ್ತೆ. ಪಿ.ಯು. ಫಿಸಿಕ್ಸ್ ಲ್ಯಾಬಿನ ಸಾಮಾನಿನಲ್ಲಿ ಇಷ್ಟೆಲ್ಲ ಗೊತ್ತಾಗುತ್ತೆ.

ಇದಾದ ಮೇಲೆ ಮುಖ್ಯವಾಗಿ ಎರಡು ಟೆಸ್ಟು.

ಒಂದು ಆಡಿಯೊಮೆಟ್ರಿ. ಶಬ್ದ ಬರದ ಕೋಣೆಯಲ್ಲಿ ಕೂರಿಸಿ, ಹೆಡ್‌ಫೋನ್ ಹಾಕಿ, 250ರಿಂದ 8000 ಹರ್ಟ್ಜ್‌ವರೆಗೆ ಬೇರೆ ಬೇರೆ ಸ್ವರಗಳನ್ನು ಎಷ್ಟು ಮೆಲ್ಲಗೆ ಹಾಕಿದರೂ ಕೇಳುತ್ತೆ ಅಂತ ನೋಡ್ತಾರೆ. ಆಮೇಲೆ ಕಿವಿಯ ಹಿಂದಿನ ಮೂಳೆಗೆ ಒಂದು ಪುಟ್ಟ ವೈಬ್ರೇಟರ್ ಇಟ್ಟು ಅದನ್ನೇ ಮತ್ತೆ ಮಾಡ್ತಾರೆ. ಮೂಳೆಯ ದಾರಿಯಲ್ಲಿ ಚೆನ್ನಾಗಿ ಕೇಳಿ, ಗಾಳಿಯ ದಾರಿಯಲ್ಲಿ ಕಡಿಮೆ ಕೇಳಿದರೆ ಒಳಕಿವಿ ಚೆನ್ನಾಗಿದೆ, ತೊಂದರೆ ದಾರಿಯಲ್ಲಿದೆ ಅಂತ ಅರ್ಥ. ಸರ್ಕ್ಯೂಟಿನಲ್ಲಿ ಫಾಲ್ಟ್ ಹುಡುಕುವಾಗ ಒಂದೊಂದು ಸ್ಟೇಜನ್ನು ಬೈಪಾಸ್ ಮಾಡಿ ನೋಡ್ತೀವಲ್ಲ, ಅದೇ ಲಾಜಿಕ್.

ಎರಡನೆಯದು ಟಿಂಪನೊಮೆಟ್ರಿ. ಕಿವಿಗೆ ಒಂದು ರಬ್ಬರ್ ತುದಿಯ ಪ್ರೋಬ್ ಇಟ್ಟು, ಒಳಗಿನ ಗಾಳಿಯ ಒತ್ತಡವನ್ನು ನಿಧಾನಕ್ಕೆ ಬದಲಿಸ್ತಾ, 226 ಹರ್ಟ್ಜ್ ಸ್ವರ ಕಳಿಸಿ ತಮಟೆ ಎಷ್ಟು ಅಲುಗಾಡುತ್ತೆ ಅಂತ ಅಳೀತಾರೆ. ರೋಗಿ ಏನೂ ಹೇಳಬೇಕಾಗಿಲ್ಲ, ಒಂದು ನಿಮಿಷದ ಕೆಲಸ. ಗ್ರಾಫಿನ ಶಿಖರ ಸೊನ್ನೆಯ ಹತ್ತಿರ ಇದ್ದರೆ ಎ ಟೈಪ್, ಮಾಮೂಲಿ ಕಿವಿ. ಶಿಖರ ಮೈನಸ್ ಕಡೆ ಸರಿದಿದ್ದರೆ ಸಿ ಟೈಪ್, ಒಳಗೆ ಒತ್ತಡ ಕಡಿಮೆ ಇದೆ. ಶಿಖರವೇ ಇಲ್ಲದೆ ಗ್ರಾಫ್ ಚಪ್ಪಟೆಯಾಗಿದ್ದರೆ ಬಿ ಟೈಪ್. ತಮಟೆಯಲ್ಲಿ ತೂತು ಇಲ್ಲದಿದ್ದರೆ ಅದರ ಅರ್ಥ ಹೆಚ್ಚಾಗಿ ದ್ರವ ತುಂಬಿದೆ ಅಂತಲೇ. ಮಾವನ ಎಡಗಿವಿ ಎ ಬಂತು. ಬಲಗಿವಿ ಮೇಜಿನ ಮೇಲೆ ಗೆರೆ ಎಳೆದ ಹಾಗೆ ಚಪ್ಪಟೆ.

ರೇಡಿಯೇಷನ್, ಔಷಧಿ ಸೇರಿದಾಗ

ಇಲ್ಲಿವರೆಗೆ ಹೇಳಿದ್ದು ಮಧ್ಯಕಿವಿಯ ಕಥೆ. ಆದರೆ ಮೇಲ್ದವಡೆಯ ಕ್ಯಾನ್ಸರ್‌ಗೆ ಎಷ್ಟೋ ಸಲ ಆಪರೇಷನ್ ಒಂದೇ ಸಾಲಲ್ಲ, ರೇಡಿಯೇಷನ್ ಕೊಡ್ತಾರೆ. ಸಾಮಾನ್ಯವಾಗಿ ದಿನಕ್ಕೆ 2 ಗ್ರೇ ಲೆಕ್ಕದಲ್ಲಿ ಒಟ್ಟು 60 ಗ್ರೇ ಆಸುಪಾಸು. ಅದರ ದಾರಿಯಲ್ಲಿ ಯುಸ್ಟೇಶಿಯನ್ ನಾಳ, ಮಧ್ಯಕಿವಿ ಸಿಕ್ಕಿದರೆ ಅಲ್ಲಿಯ ಪೊರೆ ಊದಿಕೊಂಡು ದ್ರವ ಇನ್ನೂ ಜಾಸ್ತಿಯಾಗುತ್ತೆ. ಕಾಕ್ಲಿಯಾಗೆ ಹೆಚ್ಚು ಬಿದ್ದರೆ ಒಳಕಿವಿಯೇ ಹಾಳಾಗಬಹುದು, ಅದೂ ತಿಂಗಳುಗಳು, ವರ್ಷಗಳು ಕಳೆದ ಮೇಲೆ ಗೊತ್ತಾಗಬಹುದು. ಅದಕ್ಕೇ ಪ್ಲಾನ್ ಮಾಡುವಾಗ ಕಾಕ್ಲಿಯಾಗೆ ಬೀಳುವ ಸರಾಸರಿ ಪ್ರಮಾಣ 45 ಗ್ರೇ ದಾಟದಂತೆ, ಆದರೆ ಇನ್ನೂ ಕಡಿಮೆ ಇರುವಂತೆ ನೋಡಿಕೊಳ್ತಾರೆ.

ಕೆಲವರಿಗೆ ಜೊತೆಗೆ ಸಿಸ್ಪ್ಲಾಟಿನ್ ಅನ್ನುವ ಕೀಮೋ ಔಷಧಿ ಕೊಡ್ತಾರೆ. ಅದು ಕಾಕ್ಲಿಯಾದ ಸೂಕ್ಷ್ಮ ಕೂದಲ ಕೋಶಗಳನ್ನು ಹಾಳು ಮಾಡಬಹುದು. ಈ ಕೋಶಗಳು ಮತ್ತೆ ಬೆಳೆಯಲ್ಲ. ಮೊದಲು ಹೋಗೋದು ಹೆಚ್ಚಿನ ಫ್ರೀಕ್ವೆನ್ಸಿ, ಸಾಮಾನ್ಯವಾಗಿ ಎರಡೂ ಕಿವಿಯಲ್ಲಿ. ಆಗ ಸ್ವರಗಳು ಕೇಳುತ್ತವೆ, ವ್ಯಂಜನಗಳು ಜಾರಿ ಹೋಗುತ್ತವೆ. 'ಹತ್ತು', 'ಹಚ್ಚು', 'ಹಕ್ಕು' ಮೂರೂ ಒಂದೇ ಥರ ಕೇಳುತ್ತೆ. "ಶಬ್ದ ಕೇಳ್ಸುತ್ತೆ, ಮಾತು ತಿಳಿಯಲ್ಲ" ಅಂತ ಯಾರಾದರೂ ಅಂದರೆ ಅವರು ನೆಪ ಹೇಳ್ತಿಲ್ಲ. ಕಿವಿಯಲ್ಲಿ 'ಕುಯ್ಯ್' ಅನ್ನುವ ನಿಲ್ಲದ ಶಬ್ದವೂ ಜೊತೆಗೆ ಬರಬಹುದು.

ಹೀಗಾಗಿ ಚಿಕಿತ್ಸೆ ಶುರುವಾಗುವ ಮೊದಲೇ ಒಂದು ಆಡಿಯೊಮೆಟ್ರಿ ಮಾಡಿಸಿಡೋದು ತುಂಬಾ ಮುಖ್ಯ. ಮೊದಲಿನ ರೀಡಿಂಗ್ ಇಲ್ಲದೆ ಆಮೇಲೆ ಎಷ್ಟು ಬದಲಾಯ್ತು ಅಂತ ಹೇಗೆ ಹೇಳೋದು? ಯಾವ ಲ್ಯಾಬಲ್ಲಾದರೂ ಇನಿಶಿಯಲ್ ರೀಡಿಂಗ್ ಬರೆದುಕೊಳ್ಳದೆ ಎಕ್ಸ್‌ಪೆರಿಮೆಂಟ್ ಶುರು ಮಾಡ್ತೀವಾ?

ಏನು ಮಾಡಬಹುದು?

ಸಮಾಧಾನದ ವಿಷಯ ಅಂದರೆ ಮಧ್ಯಕಿವಿಯ ತೊಂದರೆಗೆ ದಾರಿಗಳಿವೆ.

ಒಂದು, ಕಾದು ನೋಡೋದು. ಊತದಿಂದ ಆಗಿದ್ದರೆ ಗಾಯ ವಾಸಿಯಾದ ಮೇಲೆ ಸರಿಹೋಗಬಹುದು. ಆದರೆ ಕಾಯೋದು ಅಂದರೆ ಮರೆಯೋದಲ್ಲ, ಮಧ್ಯೆ ಮಧ್ಯೆ ಟೆಸ್ಟು ಮಾಡಿಸ್ತಾ ಇರಬೇಕು.

ಎರಡು, ಗ್ರೊಮೆಟ್. ತಮಟೆಯಲ್ಲಿ ಸಣ್ಣ ಸೀಳು ಮಾಡಿ, ದ್ರವ ಹೀರಿ ತೆಗೆದು, ಒಂದೆರಡು ಮಿಲಿಮೀಟರಿನ ಪುಟ್ಟ ಕೊಳವೆ ಕೂರಿಸ್ತಾರೆ. ಹಿಂದಿನ ಬಾಗಿಲು ತೆರೆಯದಿದ್ದರೆ ಮುಂದಿನ ಬಾಗಿಲಲ್ಲೇ ಒಂದು ಕಿಂಡಿ ಮಾಡಿದ ಹಾಗೆ. 1954ರಲ್ಲಿ ಅಮೆರಿಕದ ಆರ್ಮ್‌ಸ್ಟ್ರಾಂಗ್ ಅನ್ನುವ ಡಾಕ್ಟರ್ ಪ್ಲಾಸ್ಟಿಕ್ ಕೊಳವೆ ಬಳಸಿದ ಮೇಲೆ ಇದು ಎಲ್ಲೆಡೆ ಬಳಕೆಗೆ ಬಂತು. ಆದರೆ ರೇಡಿಯೇಷನ್ ಆದ ಕಿವಿಯಲ್ಲಿ ಗ್ರೊಮೆಟ್ ಹಾಕಿದರೆ ಕಿವಿ ಸೋರೋದು ತಿಂಗಳುಗಟ್ಟಲೆ ನಿಲ್ಲದೆ ಹೋಗಬಹುದು. ಅದಕ್ಕೆ ಡಾಕ್ಟರ್‌ಗಳು ಯೋಚನೆ ಮಾಡಿ ನಿರ್ಧಾರ ಮಾಡ್ತಾರೆ.

ಮೂರು, ಹಿಯರಿಂಗ್ ಏಡ್. ಒಳಕಿವಿ ಚೆನ್ನಾಗಿದ್ದು ದಾರಿ ಮಾತ್ರ ಮುಚ್ಚಿದ್ದರೆ ಶಬ್ದ ಜೋರು ಮಾಡಿದರೆ ಸಾಕು, ಮಾತು ಸ್ಪಷ್ಟವಾಗಿಯೇ ಕೇಳುತ್ತೆ. ಕಿವಿ ಸೋರುವವರಿಗೆ ಮೂಳೆಯ ಮೂಲಕ ಶಬ್ದ ಕಳಿಸುವ ಸಾಧನಗಳೂ ಇವೆ.

ಅಂಗುಳದ ತೂತು ಮುಚ್ಚುವ ಸಾಧನಕ್ಕೆ ಈಗ ಆಬ್ಚುರೇಟರ್ ಅಂತಾರೆ. ಫ್ರಾಯ್ಡ್ ಕಾಲದ 'ರಾಕ್ಷಸ'ನಿಗಿಂತ ಈಗಿನವು ಎಷ್ಟೋ ಮೇಲು. ಊಟ ಮೂಗಿಗೆ ಹೋಗೋದು ತಪ್ಪುತ್ತೆ, ಮಾತು ಸ್ಪಷ್ಟವಾಗುತ್ತೆ. ಆದರೆ ಅದು ಕಿತ್ತ ರಾಟೆಯನ್ನು ವಾಪಸ್ ಕೂರಿಸಲ್ಲ. 'ಸೆಟ್ ಹಾಕಿದ ಮೇಲೆ ಕಿವಿಯೂ ಸರಿಹೋಗುತ್ತೆ' ಅಂತ ಕಾಯ್ತಾ ಕೂರಬಾರದು.

ಮೂಗು ಹಿಡಿದು ಗಾಳಿ ಊದಿ ಕಿವಿ ತೆರೆಸೋದನ್ನು ವಿಮಾನದಲ್ಲಿ ಎಲ್ಲರೂ ಮಾಡ್ತಾರೆ. ಆಪರೇಷನ್ ಆದವರು ಡಾಕ್ಟರನ್ನು ಕೇಳದೆ ಇದನ್ನು ಮಾಡಬಾರದು, ಹಸಿ ಗಾಯದ ಮೇಲೆ ಒತ್ತಡ ಬೀಳುತ್ತೆ. ಕಿವಿಗೆ ಬಿಸಿ ಎಣ್ಣೆ ಹಾಕೋದಂತೂ ಬೇಡವೇ ಬೇಡ. ದ್ರವ ಇರೋದು ತಮಟೆಯ ಆಚೆ, ಎಣ್ಣೆ ಬೀಳೋದು ಈಚೆ.

ನಮ್ಮ ರಾಜ್ಯದಲ್ಲಿ ಕಿವಿ ಮತ್ತು ಮಾತಿಗೆ ಅಂತಲೇ ಮೈಸೂರಿನ ಮಾನಸಗಂಗೋತ್ರಿಯಲ್ಲಿ ಕೇಂದ್ರ ಸರ್ಕಾರದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. ದೊಡ್ಡ ಆಸ್ಪತ್ರೆಗಳ ಕಿವಿ-ಮೂಗು-ಗಂಟಲು ವಿಭಾಗದಲ್ಲೂ ಈ ಟೆಸ್ಟುಗಳನ್ನು ಮಾಡ್ತಾರೆ.

ಇನ್ನೊಂದು ಮಾತು, ಇದು ಆಪರೇಷನ್ ಆಗದವರಿಗೂ. ದೊಡ್ಡವರಲ್ಲಿ ಯಾವ ಕಾರಣವೂ ಇಲ್ಲದೆ ಒಂದೇ ಕಿವಿಯಲ್ಲಿ ದ್ರವ ತುಂಬಿ ವಾರಗಟ್ಟಲೆ ಹೋಗದಿದ್ದರೆ ಮೂಗಿನ ಹಿಂಭಾಗವನ್ನು ಪರೀಕ್ಷೆ ಮಾಡಿಸಲೇಬೇಕು. ಅಲ್ಲಿ ಬೆಳೆಯುವ ಗಡ್ಡೆ ನಾಳದ ಬಾಯಿ ಮುಚ್ಚಿ ಮೊದಲು ಕಿವಿಯ ತೊಂದರೆಯಾಗಿಯೇ ಕಾಣಿಸಿಕೊಳ್ಳಬಹುದು.

ನಮ್ಮ ಕೈಲಿ ಆಗೋದು

ಮನೆಯಲ್ಲಿ ಇಂಥವರಿದ್ದರೆ ಇಷ್ಟು ಮಾಡಿ: ಚೆನ್ನಾಗಿ ಕೇಳುವ ಕಿವಿಯ ಕಡೆ ಕೂತು ಮಾತಾಡಿ. ಮುಖ ಕಾಣುವ ಹಾಗಿರಲಿ. ಕಿರುಚಬೇಡಿ, ನಿಧಾನಕ್ಕೆ ಹೇಳಿ. ಟಿವಿ, ಮಿಕ್ಸಿ ನಿಲ್ಲಿಸಿ. "ಏನು?" ಅಂತ ಎರಡನೇ ಸಲ ಕೇಳಿದಾಗ "ಏನಿಲ್ಲ ಬಿಡಿ" ಅನ್ನಬೇಡಿ. ಆ ಒಂದು ಮಾತೇ ಅವರನ್ನು ಒಳಕೋಣೆಗೆ ಕಳಿಸೋದು.

ಅಡಿಕೆ, ತಂಬಾಕಿನ ವಿಷಯವನ್ನೂ ಹೇಳದೆ ಮುಗಿಸೋಕಾಗಲ್ಲ. ನಮ್ಮಲ್ಲೇ ಅಡಿಕೆ ತೋಟದವರ ಮನೆಯವರಿದ್ದೀವಿ, ಆ ತೋಟದ ದುಡ್ಡಲ್ಲೇ ಫೀಸು ಕಟ್ಟಿದ್ದೀವಿ. ಆದರೂ ತಂಬಾಕು ಸೇರಿಸದ ಅಡಿಕೆ ಕೂಡ ಮನುಷ್ಯರಲ್ಲಿ ಕ್ಯಾನ್ಸರ್ ತರುತ್ತೆ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗ 2004ರಲ್ಲೇ ಹೇಳಿದೆ. ಮಾವ ಡ್ಯೂಟಿ ಮೇಲೆ ನಿದ್ದೆ ಬರದಿರಲಿ ಅಂತ ಅಡಿಕೆ, ಹೊಗೆಸೊಪ್ಪು ಹಾಕ್ತಿದ್ದರು. ಕ್ಯಾಂಪಸ್ ಗೇಟಿನ ಹೊರಗೆ ಇಂಟರ್ನಲ್ಸ್ ಹಿಂದಿನ ರಾತ್ರಿ ಪ್ಯಾಕೆಟ್ ಹರಿಯುವವರೂ ಹೇಳೋದು ಅದೇ ಕಾರಣ. ಬಾಯಲ್ಲಿ ಎರಡು ಮೂರು ವಾರಕ್ಕೆ ವಾಸಿಯಾಗದ ಹುಣ್ಣು ಇದ್ದರೆ ತೋರಿಸಿಕೊಳ್ಳಿ, ಅಷ್ಟೇ.

ಮಾವನಿಗೆ ರೇಡಿಯೇಷನ್ ಆಗಿದ್ದರಿಂದ ಗ್ರೊಮೆಟ್ ಬೇಡ ಅಂತ ಡಾಕ್ಟರ್ ಹಿಯರಿಂಗ್ ಏಡ್ ಬರೆದುಕೊಟ್ಟರು. ಮೊದಲ ವಾರ "ಪಾತ್ರೆ ಶಬ್ದ ತಲೆ ಒಡೆಯುತ್ತೆ" ಅಂತ ತೆಗೆದಿಟ್ಟಿದ್ದರಂತೆ. ಈಗ ಅಭ್ಯಾಸ ಆಗಿದೆ. ಬಸ್ಸಿನ ಗದ್ದಲದಲ್ಲಿ ಟಿಕೆಟ್ ಕೊಡೋದು ಇನ್ನೂ ಕಷ್ಟ, ಸದ್ಯಕ್ಕೆ ಡಿಪೋದಲ್ಲಿ ಕೂತು ಮಾಡುವ ಕೆಲಸ. ಮತ್ತೆ ರೂಟಿಗೆ ಹೋಗ್ತಾರಾ ಅಂತ ನಮಗೆ ಗೊತ್ತಿಲ್ಲ. ಆದರೆ ಹೋದ ವಾರ ನಮ್ಮ ಗೆಳೆಯ ಫೋನ್ ಮಾಡಿದಾಗ ಮಾವ ಫೋನನ್ನು ಎಡಗಿವಿಗೆ ಹಿಡಿದು ಅರ್ಧ ಗಂಟೆ ಮಾತಾಡಿದರು. ನಾವು ಮೂವರೂ ಸ್ಪೀಕರಿನಲ್ಲಿ ಕೇಳ್ತಿದ್ದೆವು. ಬೇಲೂರಿಗೆ ಹೋಗಬೇಕಾದ ಅಜ್ಜಿಯೊಬ್ಬರು ಬಾಳೆಲೆ ಕಟ್ಟಿನ ಸಮೇತ ಬೇರೆ ಬಸ್ ಹತ್ತಿಬಿಟ್ಟಿದ್ದ ಹಳೇ ಕಥೆ. ನಾವು ಅದನ್ನು ಮೊದಲೇ ಕೇಳಿದ್ದೆವು, ಆದರೂ ಯಾರೂ ಹಾಗೆ ಹೇಳಲಿಲ್ಲ.